ಸಂಪಾದಕರ ಉತ್ತರ: ಬಿಟ್ಟು ಬಿಟ್ಟು ತಟ್ಟಿದರಷ್ಟೇ ತೆರೆಯುವ ಬಾಗಿಲು

ಓದುಗರ ಪತ್ರ:

"ಮಾನ್ಯ ಸಂಪಾದಕರಿಗೆ, ನನಗೀಗ 27 ವರ್ಷ. 8 ತಿಂಗಳಿಂದ ಮುಟ್ಟು ನಿಂತಿದೆ. ಗರ್ಭಿಣಿಯಲ್ಲ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ, ಅಂಡಾಶಯ ಎಲ್ಲ ಸರಿಯಾಗಿವೆ. 'ಕೆಳಗೆ ತೊಂದರೆಯಿಲ್ಲ, ಮೇಲಿನಿಂದ ಸಿಗ್ನಲ್ ಬರುತ್ತಿಲ್ಲ' ಎಂದರು ಡಾಕ್ಟರು. ಮಾತಿನ ನಡುವೆ 'ವಾಸನೆ ಸರಿಯಾಗಿ ಗೊತ್ತಾಗುತ್ತದಾ?' ಎಂದೂ ಕೇಳಿದರು. ಮುಟ್ಟಿಗೂ ಮೂಗಿಗೂ ಏನು ನಂಟೋ! ಒಂದು ವರ್ಷದಿಂದ ದೂರದ ಓಟಕ್ಕೆ ತಯಾರಿ ನಡೆಸಿದ್ದೇನೆ, 11 ಕಿಲೋ ಇಳಿದಿದ್ದೇನೆ. ಅಮ್ಮ ಮಾತ್ರ 'ಡಾಕ್ಟರೇ ಹೇಳಿದರಲ್ಲ, ಎಲ್ಲ ನಿನ್ನ ತಲೆಯಲ್ಲೇ ಇರೋದು' ಎನ್ನುತ್ತಾರೆ. (ಅವರಿಗೆ ಮುಟ್ಟು ನಿಂತು 2 ವರ್ಷ. ರಾತ್ರಿಯಿಡೀ ಮೈ ಬಿಸಿಯೇರಿ ಬೆವರುವ ಕಾಟ. ಅದೂ ತಲೆಯದ್ದೇ ಅಂತ ನಾನೂ ಹೇಳಬಹುದಿತ್ತು, ಹೇಳಿಲ್ಲ.) ಕಳೆದ ಸಂಚಿಕೆಯ ನಿಮ್ಮ ಲೇಖನದಲ್ಲಿ 'ಮಿದುಳಿನ ಜಿಎನ್‌ಆರ್‌ಎಚ್ ಎಂಬ ರಾಸಾಯನಿಕ ಆಜ್ಞೆ ಕೊಡುತ್ತದೆ, ಅಂಡಾಶಯ ಪಾಲಿಸುತ್ತದೆ' ಎಂದಿತ್ತು. ಹಾಗಿದ್ದರೆ ಅದನ್ನೇ ಇಂಜೆಕ್ಷನ್ ಕೊಟ್ಟರೆ ಮುಗಿಯಿತಲ್ಲ? ಆದರೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆದು ನೋವು ಕೊಡುವ ಕಾಯಿಲೆ) ಇರುವ ನನ್ನ ಗೆಳತಿಗೆ ಅದೇ ಜಾತಿಯ ಇಂಜೆಕ್ಷನ್ ಕೊಟ್ಟಿರುವುದು ಮುಟ್ಟು ನಿಲ್ಲಿಸುವುದಕ್ಕೆ! ಯಾವುದು ನಿಜ?" (ಹೆಸರು ಬೇಡವೆಂದಿದ್ದಾರೆ)

ಪ್ರಿಯ ಓದುಗರೆ,

ಎರಡೂ ನಿಜ. ನಾವು ಬರೆದದ್ದು ಪೂರ್ತಿ ಸುಳ್ಳಲ್ಲ. ಆದರೆ 'ಆಜ್ಞೆ' ಎಂಬ ಪದ ಹಾಕಿ ನಿಮ್ಮನ್ನು ದಾರಿ ತಪ್ಪಿಸಿದೆವು. ಆಜ್ಞೆ ಎಂದಮೇಲೆ ಜೋರಾಗಿ ಹೇಳಿದಷ್ಟೂ ಕೆಲಸ ಬೇಗ ಆಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿ ನಡೆಯುವುದು ಬಾಗಿಲು ತಟ್ಟುವ ಕೆಲಸ. ತಟ್ಟಬೇಕು, ಕೈ ಬಿಡಬೇಕು, ಒಂದು ಒಂದೂವರೆ ಗಂಟೆ ಕಾದು ಮತ್ತೆ ತಟ್ಟಬೇಕು. ಬಿಡದೆ ಬಡಿಯುತ್ತಲೇ ನಿಂತರೆ ಒಳಗಿನವರು ಕಿವಿಗೆ ಹತ್ತಿ ತುರುಕಿಕೊಂಡು ಮಲಗಿಬಿಡುತ್ತಾರೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು 1978ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅರ್ನ್ಸ್ಟ್ ನೋಬಿಲ್ ಮತ್ತು ಸಂಗಡಿಗರು ರೀಸಸ್ ಕೋತಿಗಳ ಮಿದುಳಿನಲ್ಲಿ ಜಿಎನ್‌ಆರ್‌ಎಚ್ ಹೊರಡುವ ದಾರಿಯನ್ನೇ ಕೆಡಿಸಿದರು. ಅಂಡಾಶಯವನ್ನು ದುಡಿಸುವ ಎರಡು ಹಾರ್ಮೋನುಗಳು, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್, ಆ ಕೋತಿಗಳ ರಕ್ತದಲ್ಲಿ ನೆಲ ಕಚ್ಚಿದವು. ಆಮೇಲೆ ಹೊರಗಿನಿಂದ ಜಿಎನ್‌ಆರ್‌ಎಚ್ ಕೊಟ್ಟರು: ಗಂಟೆಗೊಮ್ಮೆ 6 ನಿಮಿಷ, ನಿಮಿಷಕ್ಕೆ 1 ಮೈಕ್ರೋಗ್ರಾಂ. ಎರಡೂ ಹಾರ್ಮೋನುಗಳು ಮರಳಿ ಬಂದವು. ಅದೇ ವಸ್ತುವನ್ನು ಎಡೆಬಿಡದೆ ಹರಿಸಿದರು. ಎರಡೂ ಮತ್ತೆ ಕುಸಿದವು. ಪುನಃ ಗಂಟೆಗೊಮ್ಮೆ ಕೊಟ್ಟಾಗ ಪುನಃ ಎದ್ದವು. ಬದಲಾದದ್ದು ನಡುವಿನ ಬಿಡುವು ಒಂದೇ.

ನಿಮ್ಮ ಗೆಳತಿಗೆ ಕೊಟ್ಟಿರುವುದು ಲ್ಯೂಪ್ರೊಲೈಡ್‌ನಂಥ ಔಷಧ ಇರಬೇಕು. ಅದು ಜಿಎನ್‌ಆರ್‌ಎಚ್‌ನ ನಕಲು, ಅಸಲಿಗಿಂತ ಬಹಳ ಹೊತ್ತು ಬಾಳುವ ನಕಲು. ಮೊದಲ ಒಂದೆರಡು ವಾರ ಅದು ಹಾರ್ಮೋನುಗಳನ್ನು ಏರಿಸಿಯೇ ಬಿಡುತ್ತದೆ. ಕೆಲವರಿಗೆ ಆ ದಿನಗಳಲ್ಲಿ ನೋವು ಹೆಚ್ಚುವುದೂ ಉಂಟು. ಆಮೇಲೆ ಬಿಡುವಿಲ್ಲದ ತಟ್ಟುವಿಕೆಗೆ ಎಲ್‌ಎಚ್, ಎಫ್‌ಎಸ್‌ಎಚ್ ಸುರಿಸುವ ಪಿಟ್ಯುಟರಿ ಗ್ರಂಥಿ ಬೇಸತ್ತು, ಜಿಎನ್‌ಆರ್‌ಎಚ್ ಬಂದು ಕೂರುವ ತನ್ನ ಗ್ರಾಹಕಗಳನ್ನು (ರಿಸೆಪ್ಟರ್) ಒಳಗೆಳೆದುಕೊಳ್ಳುತ್ತದೆ, ಮುಟ್ಟು ನಿಲ್ಲುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಗಂಡಸರಲ್ಲಿ ಟೆಸ್ಟೊಸ್ಟಿರೋನ್ ಇಳಿಸುವುದೂ, ತೀರ ಎಳವೆಯಲ್ಲೇ ಪ್ರಾಯಕ್ಕೆ ಬರುತ್ತಿರುವ ಮಕ್ಕಳಲ್ಲಿ ಅದನ್ನು ತಡೆಹಿಡಿಯುವುದೂ ಇದೇ ಉಪಾಯದಿಂದ.

ಇನ್ನು ನಿಮ್ಮ ಪ್ರಶ್ನೆಯ ಇನ್ನೊಂದು ಭಾಗ: ಇಂಜೆಕ್ಷನ್ ಕೊಟ್ಟು ಮುಟ್ಟು ತರಿಸಲಾಗದೇ? ಆಗುತ್ತದೆ. ಮೈಗೆ ಕಟ್ಟಿಕೊಳ್ಳುವ ಸಣ್ಣ ಪಂಪೊಂದು 60ರಿಂದ 90 ನಿಮಿಷಕ್ಕೊಮ್ಮೆ ಒಂದು ಚೂರು ಜಿಎನ್‌ಆರ್‌ಎಚ್ ತಳ್ಳುತ್ತಿದ್ದರೆ ಅಂಡಾಶಯ ಎಚ್ಚೆತ್ತು ಅಂಡಾಣು ಬಿಡುತ್ತದೆ. ಮಗು ಬೇಕೆನ್ನುವವರಿಗೆ ಈ ಚಿಕಿತ್ಸೆ ಇದೆ. ನಿಮಗೆ ಈಗ ಅದು ಬೇಕೇ ಎಂಬುದು ಬೇರೆ ಮಾತು, ಅದಕ್ಕೆ ಬರುತ್ತೇನೆ.

ತಟ್ಟುವವರು ಯಾರು, ಬಾಗಿಲು ಎಲ್ಲಿದೆ ಎಂಬುದನ್ನು ಕಳೆದ ಸಂಚಿಕೆಯಲ್ಲಿ ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೆವು. ಮಿದುಳಿನ ತಳದಲ್ಲಿ, ಎರಡು ಕಣ್ಣುಗಳ ನಡುವಿನಿಂದ ನೇರ ಹಿಂದಕ್ಕೆ ಹೋದರೆ ಹೈಪೋಥಲಾಮಸ್ ಸಿಗುತ್ತದೆ. ಅದರ ಕೆಳಗೆ ತೊಟ್ಟಿನಿಂದ ಜೋತುಬಿದ್ದಿರುವ ಬಟಾಣಿ ಗಾತ್ರದ ಗ್ರಂಥಿಯೇ ಪಿಟ್ಯುಟರಿ. ನಮ್ಮ ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ ಜಿಎನ್‌ಆರ್‌ಎಚ್ ತಯಾರಿಸುವವು ಸಾವಿರ, ಎರಡು ಸಾವಿರ ಅಷ್ಟೇ. ಒಂದು ಶಾಲೆಯ ಮಕ್ಕಳ ಲೆಕ್ಕ! ಅವು ಒಂದೆಡೆ ಗುಂಪಾಗಿಯೂ ಇಲ್ಲ, ಚದುರಿಕೊಂಡಿವೆ. ಮನುಷ್ಯ ಕುಲ ಮುಂದುವರಿಯುವುದು ಈ ಬೆರಳೆಣಿಕೆಯ ಕೋಶಗಳ ಭರವಸೆಯ ಮೇಲೆ ಎಂಬುದನ್ನು ನೆನೆದರೆ ನನಗೆ ಈಗಲೂ ಸ್ವಲ್ಪ ದಿಗಿಲಾಗುತ್ತದೆ.

ಹೈಪೋಥಲಾಮಸ್‌ನಿಂದ ಪಿಟ್ಯುಟರಿಯ ಮುಂಭಾಗಕ್ಕೆ ನರದ ತಂತಿ ಇಲ್ಲ. ಹಾಗಾದರೆ ಸುದ್ದಿ ಮುಟ್ಟುವುದು ಹೇಗೆ? ನಡುವೆ ಇರುವ ಪುಟ್ಟ ರಕ್ತನಾಳಗಳ ಮೂಲಕ ಎಂದು ಬ್ರಿಟನ್ನಿನ ಜೆಫ್ರಿ ಹ್ಯಾರಿಸ್ ಹಟ ಹಿಡಿದು ಹೇಳಿದರು. 1952ರಲ್ಲಿ ಅವರೂ ಡೋರಾ ಜೇಕಬ್‌ಸೋನ್ ಅವರೂ ಇಲಿಗಳ ಪಿಟ್ಯುಟರಿ ತೆಗೆದು, ಬೇರೆ ಪಿಟ್ಯುಟರಿಯನ್ನು ಕಸಿ ಮಾಡಿದರು. ಹೈಪೋಥಲಾಮಸ್‌ನ ಕೆಳಗೇ ಇಟ್ಟು, ಆ ರಕ್ತನಾಳಗಳು ಮತ್ತೆ ಬೆಳೆದುಕೊಂಡಾಗ ಇಲಿಗಳ ಋತುಚಕ್ರ ಮರಳಿತು, ಗರ್ಭವೂ ನಿಂತಿತು. ಅದೇ ಗ್ರಂಥಿಯನ್ನು ಸ್ವಲ್ಪ ಪಕ್ಕಕ್ಕೆ, ಮಿದುಳಿನ ಬೇರೊಂದು ಭಾಗದ ಕೆಳಗೆ ಇಟ್ಟಾಗ ಏನೂ ಆಗಲಿಲ್ಲ. ರಕ್ತದಲ್ಲಿ ಹರಿದು ಬರುವ ಆ ವಸ್ತು ಯಾವುದೆಂದು ಹುಡುಕಲು ಆಂಡ್ರ್ಯೂ ಶಾಲಿ ಹಂದಿಗಳ ಮಿದುಳು, ರೋಜರ್ ಗಿಯ್‌ಮ್ಯಾನ್ ಕುರಿಗಳ ಮಿದುಳು ಹಿಡಿದು ವರ್ಷಗಟ್ಟಲೆ ಪೈಪೋಟಿಗೆ ಬಿದ್ದರು. ಲಕ್ಷಗಟ್ಟಲೆ ಮಿದುಳಿನ ಚೂರುಗಳನ್ನು ಅರೆದು ಸೋಸಿದ ಮೇಲೆ, 1971ರಲ್ಲಿ ಸಿಕ್ಕಿದ್ದು ಕೇವಲ 10 ಅಮೈನೋ ಆಮ್ಲಗಳ ಒಂದು ಸರ. 1977ರ ನೊಬೆಲ್ ಬಹುಮಾನದಲ್ಲಿ ಇಬ್ಬರಿಗೂ ಪಾಲು ಬಂತು.

ಆ ಸರದ ಆಯುಸ್ಸು ರಕ್ತದಲ್ಲಿ ಕೆಲವೇ ನಿಮಿಷ. ತೋಳಿನ ರಕ್ತ ತೆಗೆದು ಜಿಎನ್‌ಆರ್‌ಎಚ್ ಅಳೆಯುವುದಿಲ್ಲ. ಅಲ್ಲಿಗೆ ತಲುಪುವಷ್ಟರಲ್ಲಿ ಅದು ಕರಗಿ ಹೋಗಿರುತ್ತದೆ. ಅದಕ್ಕೇ ನಿಮ್ಮ ಡಾಕ್ಟರು ಎಲ್‌ಎಚ್, ಎಫ್‌ಎಸ್‌ಎಚ್ ನೋಡಿರಬೇಕು. ಅಂಡಾಶಯವೇ ಸೋತಿದ್ದರೆ ಪಿಟ್ಯುಟರಿ ಕೂಗಿ ಕೂಗಿ ಎಫ್‌ಎಸ್‌ಎಚ್ ಮೇಲೇರಿರುತ್ತದೆ. ಮುಟ್ಟೂ ಇಲ್ಲ, ಈ ಎರಡೂ ಕಡಿಮೆ ಅಥವಾ ಏರದೆ ಇದ್ದಲ್ಲೇ ಇವೆ ಎಂದರೆ ಮೌನ ಇರುವುದು ಮೇಲೆ. 'ಸಿಗ್ನಲ್ ಬರುತ್ತಿಲ್ಲ' ಎಂದು ಅವರು ಹೇಳಿದ್ದರ ಅರ್ಥ ಇಷ್ಟು.

ಮೂಗಿನ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಈ ಸಾವಿರದಷ್ಟು ಕೋಶಗಳು ಹುಟ್ಟುವುದು ಮಿದುಳಿನಲ್ಲಿ ಅಲ್ಲ! ಭ್ರೂಣದಲ್ಲಿ ಮೂಗು ಮೂಡುವ ಜಾಗದಲ್ಲಿ ಹುಟ್ಟಿ, ವಾಸನೆಯ ನರಗಳ ಜಾಡು ಹಿಡಿದು ತೆವಳುತ್ತ ಮಿದುಳಿಗೆ ವಲಸೆ ಹೋಗುತ್ತವೆ. ಆ ಜಾಡು ಸರಿಯಾಗಿ ರೂಪುಗೊಳ್ಳದಿದ್ದರೆ ಕೋಶಗಳು ದಾರಿಯಲ್ಲೇ ಉಳಿಯುತ್ತವೆ. ಅಂಥವರಿಗೆ ವಾಸನೆಯೂ ತಿಳಿಯದು, ಪ್ರಾಯವೂ ತಾನಾಗಿ ಬಾರದು. 1944ರಲ್ಲಿ ಇದನ್ನು ವಂಶಪಾರಂಪರ್ಯವೆಂದು ವಿವರಿಸಿದ ಫ್ರಾನ್ಸ್ ಕಾಲ್‌ಮನ್ ಹೆಸರಿನಲ್ಲೇ ಅದನ್ನು ಕಾಲ್‌ಮನ್ ಸಿಂಡ್ರೋಮ್ ಎನ್ನುತ್ತಾರೆ. ನಿಮಗೆ ವರ್ಷಗಟ್ಟಲೆ ಮುಟ್ಟು ಬಂದು ಈಗ ನಿಂತಿರುವುದರಿಂದ ಅದರ ಸಂಭವ ತೀರ ಕಡಿಮೆ. ಡಾಕ್ಟರು ಕೇಳಿದ್ದು ಒಂದನ್ನೂ ಬಿಡದೆ ನೋಡುವ ಅಭ್ಯಾಸದಿಂದ ಇರಬೇಕು. ಒಳ್ಳೆಯ ಡಾಕ್ಟರು.

ಸರಿ, ತಟ್ಟುವ ಕೈಗೆ ತಾಳ ಹಾಕಿಕೊಡುವವರು ಯಾರು? ಬಹಳ ಕಾಲ ಇದು ಒಗಟಾಗಿತ್ತು. ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. 1996ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷಿ ಊರಿನಲ್ಲಿ ಕ್ಯಾನ್ಸರ್ ಹರಡುವುದನ್ನು ತಡೆಯುವ ಜೀನ್ ಒಂದು ಸಿಕ್ಕಿತ್ತು. ಆ ಊರಿನ ಹೆಸರುವಾಸಿ ಚಾಕೊಲೇಟು 'ಕಿಸ್'. ಸಂಶೋಧಕರು ಜೀನಿಗೆ ಕಿಸ್-1 ಎಂದೇ ಹೆಸರಿಟ್ಟರು. 2003ರಲ್ಲಿ ಪ್ಯಾರಿಸ್ಸಿನ ತಂಡವೊಂದು, ಬಾಸ್ಟನ್ನಿನ ತಂಡವೊಂದು, ತಮ್ಮ ತಮ್ಮ ಪಾಡಿಗೆ, ಮಕ್ಕಳು ಪ್ರಾಯಕ್ಕೇ ಬಾರದ ಕುಟುಂಬಗಳನ್ನು ಪರೀಕ್ಷಿಸುತ್ತಿದ್ದವು. ಇಬ್ಬರಿಗೂ ಕಂಡದ್ದು ಒಂದೇ: ಕಿಸ್-1 ಜೀನಿನಿಂದ ಬರುವ ಕಿಸ್‌ಪೆಪ್ಟಿನ್ ಎಂಬ ರಾಸಾಯನಿಕವನ್ನು ಹಿಡಿಯುವ ಗ್ರಾಹಕ ಇವರಲ್ಲಿ ಕೆಟ್ಟಿದೆ. ಕ್ಯಾನ್ಸರ್ ಅಧ್ಯಯನದ ಜೀನು ರಾತ್ರೋರಾತ್ರಿ ಸಂತಾನಶಾಸ್ತ್ರದ ನಡುಮನೆಗೆ ಬಂದು ಕೂತಿತು.

ಹೈಪೋಥಲಾಮಸ್‌ನ ತಳದಲ್ಲಿರುವ ಒಂದು ಗುಂಪಿನ ಕೋಶಗಳು ಮೂರು ರಾಸಾಯನಿಕಗಳನ್ನು ಒಟ್ಟಿಗೇ ಇಟ್ಟುಕೊಂಡಿವೆ: ಕಿಸ್‌ಪೆಪ್ಟಿನ್, ನ್ಯೂರೋಕೈನಿನ್ ಬಿ, ಡೈನಾರ್ಫಿನ್. ಮೂರರ ಇಂಗ್ಲಿಷ್ ಮೊದಲಕ್ಷರ ಸೇರಿಸಿ (KNDy) ವಿಜ್ಞಾನಿಗಳು ಇವನ್ನು 'ಕ್ಯಾಂಡಿ' ಕೋಶಗಳೆಂದು ಕರೆದರು. ಚಾಕೊಲೇಟಿನ ಗುಂಗು ಇನ್ನೂ ಇಳಿದಿರಲಿಲ್ಲ ಎಂದು ಕಾಣುತ್ತದೆ. ಜೋಕಾಲಿ ಜೀಕುವ ಮಕ್ಕಳನ್ನು ನೆನಪಿಸಿಕೊಳ್ಳಿ. ನ್ಯೂರೋಕೈನಿನ್ ಬಿ ಪಕ್ಕದ ಕೋಶವನ್ನು ತಳ್ಳುತ್ತದೆ, ಅದು ಇನ್ನೊಂದನ್ನು ತಳ್ಳುತ್ತದೆ, ಕ್ಷಣದಲ್ಲಿ ಗುಂಪಿಗೆ ಗುಂಪೇ ಒಟ್ಟಿಗೆ ಏರುತ್ತದೆ. ಏರಿದಾಗ ಕಿಸ್‌ಪೆಪ್ಟಿನ್ ಸುರಿದು, ಜಿಎನ್‌ಆರ್‌ಎಚ್ ಕೋಶಗಳು ತಮ್ಮ ಸರಕನ್ನು ರಕ್ತನಾಳಕ್ಕೆ ಚೆಲ್ಲುತ್ತವೆ. ಅಷ್ಟರಲ್ಲಿ ಡೈನಾರ್ಫಿನ್ ಬಂದು ಹಗ್ಗ ಹಿಡಿಯುತ್ತದೆ. ಇದು ನಮ್ಮ ಮೈಯೇ ತಯಾರಿಸುವ ಅಫೀಮು ಜಾತಿಯ ವಸ್ತು. ಎಲ್ಲ ಸ್ತಬ್ಧ. ಅದರ ಹಿಡಿತ ಸಡಿಲವಾದಾಗ ಮತ್ತೆ ಜೀಕು. ಮಿಡಿತ ಹುಟ್ಟುವುದು ಹೀಗೆ, ತಳ್ಳುವ ಕೈ ಮತ್ತು ತಡೆಯುವ ಕೈಯ ನಡುವೆ. ತಡೆ ಎಂಬುದನ್ನು ನಾವು ಸಾಮಾನ್ಯವಾಗಿ ಅಡ್ಡಿ ಎಂದೇ ಎಣಿಸುತ್ತೇವೆ; ಇಲ್ಲಿ ಅದಿಲ್ಲದಿದ್ದರೆ ಬಿಡುವೇ ಇಲ್ಲ, ಬಿಡುವಿಲ್ಲದಿದ್ದರೆ ನಿಮ್ಮ ಗೆಳತಿಯ ಇಂಜೆಕ್ಷನ್ನಿನ ಕಥೆಯೇ. ಹೊರಗಿನಿಂದ ಮಾರ್ಫಿನ್ ಜಾತಿಯ ನೋವಿನ ಮದ್ದುಗಳನ್ನು ದೀರ್ಘಕಾಲ ತೆಗೆದುಕೊಂಡವರಲ್ಲಿ ಲೈಂಗಿಕ ಹಾರ್ಮೋನುಗಳು ಕುಗ್ಗುವುದಕ್ಕೂ ಈ ತಡೆಯುವ ಕೈಗೂ ನಂಟಿದೆ.

ಅಂಡಾಶಯವೇನೂ ಸುಮ್ಮನೆ ಕೇಳಿಸಿಕೊಂಡು ಕೂರುವುದಿಲ್ಲ, ಈಸ್ಟ್ರೋಜನ್ ಎಂಬ ತನ್ನ ಹಾರ್ಮೋನಿನ ಮೂಲಕ ಮೇಲಕ್ಕೆ ಉತ್ತರ ಕಳಿಸುತ್ತಿರುತ್ತದೆ. ವಿಚಿತ್ರವೆಂದರೆ ಜಿಎನ್‌ಆರ್‌ಎಚ್ ಕೋಶಗಳಲ್ಲಿ ಈಸ್ಟ್ರೋಜನ್ನಿನ ಮುಖ್ಯ ಗ್ರಾಹಕವೇ ಇಲ್ಲ. ಅವುಗಳ ಪರವಾಗಿ ಕೇಳಿಸಿಕೊಳ್ಳುವುದು ಕಿಸ್‌ಪೆಪ್ಟಿನ್ ಕೋಶಗಳು. ಚಕ್ರದ ಹೆಚ್ಚಿನ ದಿನಗಳಲ್ಲಿ ಈಸ್ಟ್ರೋಜನ್ 'ಸಾಕು, ಸ್ವಲ್ಪ ನಿಧಾನ' ಎಂದೇ ಹೇಳುತ್ತದೆ. ಆದರೆ ಅಂಡಾಣುವನ್ನು ಹೊತ್ತ ಮಾಗಿದ ಚೀಲವೊಂದು ಎರಡು ದಿನದಷ್ಟು ಕಾಲ ಈಸ್ಟ್ರೋಜನ್ನನ್ನು ಎತ್ತರದಲ್ಲೇ ಹಿಡಿದಿಟ್ಟರೆ ಅದೇ ಮಾತಿನ ಅರ್ಥ ತಲೆಕೆಳಗಾಗುತ್ತದೆ. ಎಲ್‌ಎಚ್ ಉಕ್ಕಿ ಬರುತ್ತದೆ, ಆ ಉಕ್ಕು ಶುರುವಾದ ಸುಮಾರು 36 ಗಂಟೆಗೆ ಅಂಡಾಣು ಹೊರಬೀಳುತ್ತದೆ. ಅಂಡಾಣು ಬಿಟ್ಟ ಮೇಲೆ ಅಂಡಾಶಯದ ಇನ್ನೊಂದು ಹಾರ್ಮೋನು ಪ್ರೊಜೆಸ್ಟಿರೋನ್ ಏರಿ ಮಿಡಿತವನ್ನು ಮೂರು ನಾಲ್ಕು ಗಂಟೆಗೊಂದರಂತೆ ನಿಧಾನಿಸುತ್ತದೆ. ಈ ವೇಗಕ್ಕೂ ಅರ್ಥವಿದೆ: ಬೇಗ ಬೇಗ ತಟ್ಟಿದರೆ ಪಿಟ್ಯುಟರಿ ಎಲ್‌ಎಚ್ ಕಡೆಗೆ ವಾಲುತ್ತದೆ, ನಿಧಾನ ತಟ್ಟಿದರೆ ಎಫ್‌ಎಸ್‌ಎಚ್ ಕಡೆಗೆ. ಪಿಸಿಒಎಸ್ (ಮುಟ್ಟು ಏರುಪೇರಾಗುವ ಒಂದು ಹಾರ್ಮೋನು ತೊಂದರೆ) ಇರುವ ಅನೇಕರಲ್ಲಿ ಈ ತಟ್ಟುವಿಕೆ ಸದಾ ಅವಸರದ್ದು, ಹಾಗಾಗಿ ಎಲ್‌ಎಚ್ ಮುಂದು, ಅಂಡಾಣು ಮಾಗುವುದು ಹಿಂದು. ಅದರ ಬಗ್ಗೆ ಬೇರೆ ಪತ್ರಗಳೂ ಬಂದಿವೆ, ಮುಂದಿನ ಸಲ ನೋಡೋಣ.

ಗಂಡಸರಲ್ಲೂ ಇದೇ ತಾಳ, ಇದೇ ಹಾರ್ಮೋನುಗಳು. ತಿಂಗಳ ಏರಿಳಿತ ಮಾತ್ರ ಇಲ್ಲ. ಮೈಕಟ್ಟಿಗಾಗಿ ಹೊರಗಿನಿಂದ ಟೆಸ್ಟೊಸ್ಟಿರೋನ್ ಚುಚ್ಚಿಸಿಕೊಳ್ಳುವ ಹುಡುಗರು ಇದನ್ನು ಓದುತ್ತಿದ್ದರೆ ಕೇಳಿಸಿಕೊಳ್ಳಲಿ. ರಕ್ತದಲ್ಲಿ ಬೇಕಾದಷ್ಟಿದೆ ಎಂದು ಮಿದುಳು ತಟ್ಟುವುದನ್ನೇ ಬಿಡುತ್ತದೆ, ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಎಣಿಕೆ ಸೊನ್ನೆಗೂ ಇಳಿಯಬಹುದು.

ಈಗ ನಿಮ್ಮ ವಿಷಯ. ಒಂದು ವರ್ಷದ ಓಟ, 11 ಕಿಲೋ. ಪತ್ರದಲ್ಲಿ ನೀವು ಅದನ್ನು ಪಕ್ಕಕ್ಕೆ ಸರಿಸಿ ಬರೆದಿದ್ದೀರಿ. ನಾನು ಮೊದಲು ಓದಿದ್ದೇ ಆ ಸಾಲನ್ನು. ಗರ್ಭ, ಹೆರಿಗೆ, ಹಾಲೂಡಿಸುವುದು ಎಂದರೆ ಮೈಗೆ ದೊಡ್ಡ ಖರ್ಚು. ಖರ್ಚಿಗೆ ಮೊದಲು ಮಿದುಳು ಗಂಟು ಬಿಚ್ಚಿ ನೋಡುತ್ತದೆ. ಗಂಟಿನ ಲೆಕ್ಕ ಹೇಳುವವರಲ್ಲಿ ಮುಖ್ಯವಾದದ್ದು ಕೊಬ್ಬಿನ ಕೋಶಗಳಿಂದ ಹೊರಡುವ ಲೆಪ್ಟಿನ್. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಇದರ ಜೀನನ್ನು ಪತ್ತೆಹಚ್ಚಿತು. ಕೊಬ್ಬು ಕರಗಿದಂತೆ ಲೆಪ್ಟಿನ್ ಇಳಿಯುತ್ತದೆ, ಊಟ ಕಡಿಮೆಯಾದರೆ ಕೊಬ್ಬು ಕರಗುವುದಕ್ಕೂ ಮೊದಲೇ ಇಳಿಯುತ್ತದೆ. ಆ ಸುದ್ದಿ ನಡುವಿನ ನರಕೋಶಗಳ ಮೂಲಕ ಕಿಸ್‌ಪೆಪ್ಟಿನ್ ಕೋಶಗಳಿಗೆ ತಲುಪಿ ತಾಳ ಸಡಿಲವಾಗುತ್ತದೆ. 2004ರಲ್ಲಿ ಬಾಸ್ಟನ್ನಿನ ವೈದ್ಯರು ನಿಮ್ಮಂತೆಯೇ ಮುಟ್ಟು ನಿಂತ ಕೆಲವು ಮಹಿಳೆಯರಿಗೆ ಲೆಪ್ಟಿನ್ ಚುಚ್ಚಿ ನೋಡಿದಾಗ ಎಲ್‌ಎಚ್ ಮಿಡಿತ ಚುರುಕಾಯಿತು, ಕೆಲವರಲ್ಲಿ ಅಂಡಾಣುವೂ ಬಿಡುಗಡೆಯಾಯಿತು. ಅಂಡಾಶಯವನ್ನು ಯಾರೂ ಮುಟ್ಟಿರಲಿಲ್ಲ.

ತೂಕವೇ ಎಲ್ಲವೂ ಅಲ್ಲ. ನೋಡುವುದಕ್ಕೆ ಸಣಕಲಾಗಿರದ ಓಟಗಾರ್ತಿಯರಿಗೂ ಹೀಗಾಗುತ್ತದೆ. 2003ರಲ್ಲಿ ಆನ್ ಲೌಕ್ಸ್ ಪ್ರಕಟಿಸಿದ ಅಧ್ಯಯನದಲ್ಲಿ ಲೆಕ್ಕ ಹಾಕಿದ್ದು, ತಿಂದದ್ದರಲ್ಲಿ ವ್ಯಾಯಾಮಕ್ಕೆ ಹೋದದ್ದನ್ನು ಕಳೆದು ಮೈಗೆ ಉಳಿಯುವುದೆಷ್ಟು ಎಂದು. ಕೊಬ್ಬು ಬಿಟ್ಟು ಉಳಿದ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಕಿಲೋಕ್ಯಾಲೊರಿಗಿಂತ ಅದು ಕೆಳಗಿಳಿದಾಗ, ಐದೇ ದಿನಗಳಲ್ಲಿ ಎಲ್‌ಎಚ್ ಮಿಡಿತದ ಲಯ ಕೆಟ್ಟಿತ್ತು. ಈ ಗೆರೆ ಎಲ್ಲರಿಗೂ ಒಂದೇ ಅಲ್ಲ. ನಿದ್ದೆಗೇಡು, ಆತಂಕ, ಎಡೆಬಿಡದ ಒತ್ತಡ ಸೇರಿಕೊಂಡರೆ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಮತ್ತು ಅದನ್ನು ಏರಿಸುವ ಮಿದುಳಿನ ರಾಸಾಯನಿಕಗಳೂ ಅದೇ ತಾಳವನ್ನು ಕೆಳಗೆಳೆಯುತ್ತವೆ.

ಹಾಗೆಂದು ಕಾರಣ ಓಟವೇ ಎಂದು ನಾನು ಇಲ್ಲಿ ಕೂತು ತೀರ್ಪು ಕೊಡುವಂತಿಲ್ಲ. ಈ ಸ್ಥಿತಿಯನ್ನು ಗುರುತಿಸುವುದು ಉಳಿದ ಕಾರಣಗಳನ್ನು ಒಂದೊಂದಾಗಿ ಹೊರಗಿಟ್ಟ ಮೇಲೆ. ಥೈರಾಯ್ಡ್ ನೋಡಿದ್ದಾರೆಯೇ? ಹಾಲು ಬರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ನೋಡಿದ್ದಾರೆಯೇ? ಮಿದುಳಿನ ಡೋಪಮೈನ್ ಈ ಪ್ರೊಲ್ಯಾಕ್ಟಿನ್ನನ್ನು ಸದಾ ಹಿಡಿದಿಟ್ಟುಕೊಂಡಿರುತ್ತದೆ. ಡೋಪಮೈನಿಗೆ ಅಡ್ಡ ಬರುವ ಕೆಲವು ವಾಂತಿ ಮಾತ್ರೆಗಳು, ಮಾನಸಿಕ ಕಾಯಿಲೆಯ ಕೆಲವು ಔಷಧಗಳು, ಅಥವಾ ಪಿಟ್ಯುಟರಿಯ ಒಂದು ಸಣ್ಣ ಗಡ್ಡೆ ಇದ್ದರೆ ಪ್ರೊಲ್ಯಾಕ್ಟಿನ್ ಏರಿ ಕಿಸ್‌ಪೆಪ್ಟಿನ್ ಕೋಶಗಳನ್ನು ಅದುಮುತ್ತದೆ. ಹಾಲೂಡಿಸುವ ತಾಯಂದಿರಿಗೆ ತಿಂಗಳುಗಟ್ಟಲೆ ಮುಟ್ಟು ಬಾರದಿರುವುದರಲ್ಲೂ ಇದರ ಕೈವಾಡ ಇದೆ. ತಲೆನೋವು, ದೃಷ್ಟಿ ಮಂಕಾಗುವುದು, ಮೊಲೆಯಿಂದ ಹಾಲು ಜಿನುಗುವುದು ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ಇನ್ನೊಂದು ಮಾತು. ಗರ್ಭನಿರೋಧಕ ಮಾತ್ರೆ ಕೊಟ್ಟು 'ಮುಟ್ಟು ಬಂತಲ್ಲ' ಎಂದು ಸಮಾಧಾನ ಮಾಡುವವರಿದ್ದಾರೆ. ಆ ರಕ್ತಸ್ರಾವ ಮಾತ್ರೆಯದ್ದು, ಮಿದುಳು ತಟ್ಟಿದ್ದಲ್ಲ. ಒಳಗಿನ ಮೌನವನ್ನು ಅದು ಮುಚ್ಚಿಡುತ್ತದೆ ಅಷ್ಟೆ. ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿಯೂ ಮುಟ್ಟು ತರಿಸುವ ಒಂದೇ ಉದ್ದೇಶಕ್ಕೆ ಈ ಮಾತ್ರೆ ಬೇಡವೆನ್ನುತ್ತದೆ. ಊಟ ಹೆಚ್ಚಿಸುವುದು, ವ್ಯಾಯಾಮ ತಗ್ಗಿಸುವುದು, ಬೇಕಿದ್ದರೆ ಆಪ್ತಸಮಾಲೋಚನೆ ಮೊದಲು ಎನ್ನುತ್ತದೆ. ಪಂಪಿನ ಮಾತು ಅದಾದ ಮೇಲೆ, ಅದೂ ಮಗು ಬೇಕೆಂದಾಗ. ಗಂಟು ಬರಿದಾಗಿದೆ ಎಂದು ಬಾಗಿಲು ಹಾಕಿಕೊಂಡಿರುವ ಮನೆಗೆ ಬಲವಂತದಿಂದ ನೆಂಟರನ್ನು ಕಳಿಸುವುದು ನ್ಯಾಯವಲ್ಲ. ಆದರೆ ಸುಮ್ಮನೆ ಕಾಯುವುದೂ ಬೇಡ. ಈಸ್ಟ್ರೋಜನ್ ಇಲ್ಲದ ಒಂದೊಂದು ತಿಂಗಳೂ ಮೂಳೆ ಸವೆಯುತ್ತದೆ. ಓಡುವವರಿಗೆ ಅದು ಮೂಳೆ ಬಿರುಕಾಗಿ ಎದುರಾಗುತ್ತದೆ. ಮೂಳೆಯ ಸಾಂದ್ರತೆ ಅಳೆಸಬೇಕೇ ಎಂದು ಕೇಳಿ.

ಕೊನೆಗೆ ಅಮ್ಮನ ಮಾತು. 'ತಲೆಯಲ್ಲೇ ಇರೋದು' ಎಂದು ಅವರು ಹೇಳಿದ್ದು ಜಾಗದ ಮಟ್ಟಿಗೆ ಸರಿ. ತಲೆಯಲ್ಲಿದೆ ಎಂದರೆ ಕಲ್ಪನೆ ಎಂದುಕೊಂಡದ್ದು ತಪ್ಪು. ಅವರ ರಾತ್ರಿಯ ಬೆವರು ತಲೆಯದ್ದೇ ಎಂದು ನೀವು ಹೇಳಬಹುದಿತ್ತು, ಹೇಳಿಲ್ಲ ಎಂದು ಬರೆದಿದ್ದೀರಿ. ಹೇಳಿ, ಪರವಾಗಿಲ್ಲ, ಅದೂ ನಿಜವೇ. ಅಂಡಾಶಯ ಕೆಲಸ ನಿಲ್ಲಿಸಿದ ಮೇಲೆ 'ಸಾಕು, ನಿಧಾನ' ಎನ್ನುವ ಈಸ್ಟ್ರೋಜನ್ ಇಲ್ಲವಾಗಿ ಕ್ಯಾಂಡಿ ಕೋಶಗಳು ಗಾತ್ರದಲ್ಲೇ ಉಬ್ಬಿ, ನ್ಯೂರೋಕೈನಿನ್ ಬಿ ಸುರಿಸುತ್ತ ಗದ್ದಲ ಎಬ್ಬಿಸುತ್ತವೆ. ಮೈಯ ಬಿಸಿಯನ್ನು ಹತೋಟಿಯಲ್ಲಿಡುವ ನರಕೋಶಗಳಿಗೂ ಆ ಗದ್ದಲ ತಟ್ಟಿ, ಚಳಿಯಲ್ಲೂ ಬೆವರು ಹರಿಯುತ್ತದೆ. ನಿಮ್ಮಲ್ಲಿ ದನಿ ಅಡಗಿಸಿಕೊಂಡಿರುವ ಕೋಶಗಳೇ ಅವರಲ್ಲಿ ಕಿರುಚುತ್ತಿವೆ. ಈ ನ್ಯೂರೋಕೈನಿನ್ ಬಿ ಹಿಡಿಯುವ ಗ್ರಾಹಕವನ್ನು ಮುಚ್ಚುವ ಫೆಜೋಲಿನೆಟಂಟ್ ಎಂಬ, ಹಾರ್ಮೋನು ಅಲ್ಲದ ಮಾತ್ರೆಗೆ 2023ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಯಕೃತ್ತಿನ ಪರೀಕ್ಷೆ ಮಾಡಿಸುತ್ತಲೇ ಬಳಸಬೇಕಾದ ಮದ್ದು ಅದು, ಎಲ್ಲರಿಗೂ ಹೊಂದುವುದಿಲ್ಲ. ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಮೂಗಿನ ಬಗ್ಗೆ ಕೇಳುವ ಡಾಕ್ಟರು ಅವರ ರಾತ್ರಿಗಳ ಬಗ್ಗೆಯೂ ಕೇಳಿಯಾರು.

– ಸಂ.